ಬೆಂಕಿಪೊಟ್ಟಣದ ಪಿನ್‌ಹೋಲ್ ಕ್ಯಾಮೆರಾ: ಚಿತ್ರ ಮಸುಕು, ಮೂಲೆ ಕಪ್ಪು, ಮೇಲೆ ಕೆಂಪು ಪಟ್ಟಿ

ಮಿಂಚುಹುಳ:
ಬೆಂಕಿಪೊಟ್ಟಣದಲ್ಲಿ ಪಿನ್‌ಹೋಲ್ ಕ್ಯಾಮೆರಾ (ಮಸೂರದ ಬದಲು ಸಣ್ಣ ರಂಧ್ರ) ಮಾಡಿದ್ದೇನೆ. ಫಿಲ್ಮ್ 35 ಮಿ.ಮೀ. ಕಲರ್ ನೆಗೆಟಿವ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 100. ಪೊಟ್ಟಣದ ಒಳಟ್ರೇ ತಳದಲ್ಲಿ 24×24 ಮಿ.ಮೀ. ಕಿಂಡಿ, ರಂಧ್ರದಿಂದ ಫಿಲ್ಮ್‌ಗೆ 13 ಮಿ.ಮೀ. ತಂಪುಪಾನೀಯದ ಕ್ಯಾನ್ ತಗಡಿಗೆ ಹೊಲಿಗೆ ಸೂಜಿ ಚುಚ್ಚಿ ರಂಧ್ರ ಮಾಡಿದ್ದು. ಪ್ರತಿ ಚಿತ್ರಕ್ಕೂ ಫಿಲ್ಮ್ ಉರುಳೆಯನ್ನು ಅರ್ಧ ಸುತ್ತು ತಿರುಗಿಸಿದ್ದು. ಎಲ್ಲವೂ ಮಸುಕು, ಮೂಲೆಗಳು ಕಪ್ಪು, ಕೆಲವದರ ಮೇಲೆ ಕೆಂಪು ಪಟ್ಟಿ. ಮೊದಲ ಚಿತ್ರಗಳು ಒಂದರ ಮೇಲೊಂದು ಬಿದ್ದಿವೆ, ಕೊನೆಯವು ದೂರ ದೂರ. ಎಲ್ಲಿಂದ ಸರಿಪಡಿಸಲಿ?

ಸೂಜಿಮೊನೆ:
ರಂಧ್ರದಿಂದಲೇ ಶುರು ಮಾಡಿ. 13 ಮಿ.ಮೀ. ದೂರಕ್ಕೆ ಬೇಕಾದ್ದು ಸುಮಾರು 0.16 ಮಿ.ಮೀ. ರಂಧ್ರ. (ದೂರವನ್ನು 0.00055ರಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿದರೆ ಬರುತ್ತದೆ.) ಸೂಜಿ ಪೂರ್ತಿ ತೂರಿದರೆ ಇದರ ಮೂರ್ನಾಲ್ಕು ಪಟ್ಟು ಆಗಿಬಿಡುತ್ತದೆ, ನಿಮ್ಮ ಮಸುಕಿಗೆ ಅದೇ ಕಾರಣ.

ತಗಡನ್ನು ದಪ್ಪ ರಟ್ಟಿನ ಮೇಲಿಟ್ಟು ಮೊನೆಯಿಂದ ಬರೀ ಗುಳಿ ಒತ್ತಿ, ತೂತು ಬೀಳಬಾರದು. ಹಿಂಬದಿ ಉಬ್ಬಿದ್ದನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ. ಮತ್ತೆ ಒತ್ತಿ, ಮತ್ತೆ ಉಜ್ಜಿ. ಬೆಳಕು ಇಣುಕಿದೊಡನೆ ನಿಲ್ಲಿಸಿ. ಅಳೆಯಲು 2400 ಡಿಪಿಐನಲ್ಲಿ (ಇಂಚಿಗೆ 2400 ಚುಕ್ಕಿ) ಸ್ಕ್ಯಾನ್ ಮಾಡಿ ಪಿಕ್ಸೆಲ್ ಎಣಿಸಿ: 15 ಇದ್ದರೆ 0.16 ಮಿ.ಮೀ.

ಉಜ್ಜುವುದು ಗಾತ್ರಕ್ಕಾಗಿ ಮಾತ್ರ ಅಲ್ಲ. ಕ್ಯಾನ್ ತಗಡು ಸುಮಾರು 0.1 ಮಿ.ಮೀ. ದಪ್ಪ. ಅಷ್ಟು ದಪ್ಪದಲ್ಲಿ ಇಷ್ಟು ಸಣ್ಣ ತೂತು ಸುರಂಗದಂತಾಗಿ, ಓರೆಯಾಗಿ ಬರುವ ಬೆಳಕನ್ನು ತಡೆಯುತ್ತದೆ. ಮೂಲೆ ಪೂರ್ತಿ ಕಪ್ಪಾಗುವುದು ಹಾಗೆ. ಅಂಚು ಕಾಗದದಷ್ಟು ತೆಳುವಾದರೂ ಸಾಲದು, ಅದಕ್ಕಿಂತ ತೆಳುವಾಗಬೇಕು.

ಕತ್ತಲಪೆಟ್ಟಿಗೆ:
ಕೆಂಪು ಪಟ್ಟಿಯೇ ಸೋರಿಕೆ ಎಲ್ಲಿದೆ ಅಂತ ಹೇಳುತ್ತಿದೆ. ಕಲರ್ ನೆಗೆಟಿವ್‌ನಲ್ಲಿ ಕೆಂಪು ಗ್ರಹಿಸುವ ಪದರ ತಳದಲ್ಲಿರುತ್ತದೆ, ಹಾಗಾಗಿ ಬೆನ್ನ ಕಡೆಯಿಂದ ನುಗ್ಗಿದ ಬೆಳಕು ಮೊದಲು ಅದನ್ನೇ ಮುಟ್ಟುತ್ತದೆ. ಮುಂಭಾಗ ಬಿಡಿ, ಪೊಟ್ಟಣದ ಹಿಂಬದಿ ನೋಡಿ. ಆ ತೆಳು ರಟ್ಟು ಬಿಸಿಲನ್ನು ತಡೆಯುವುದಿಲ್ಲ. ಕಪ್ಪು ಇನ್ಸುಲೇಷನ್ ಟೇಪ್ ಎರಡು ಪದರ ಸುತ್ತಿ, ಫಿಲ್ಮ್ ಡಬ್ಬಿಯ ಬಾಯಿ ಪೊಟ್ಟಣಕ್ಕೆ ಸೇರುವ ಸಂದಿಗೆ ಮೂರು.

ಸುತ್ತು ಎಣಿಸುವುದನ್ನು ಬಿಟ್ಟುಬಿಡಿ. ಫಿಲ್ಮ್ ಸುತ್ತಿಕೊಳ್ಳುತ್ತ ಹೋದಂತೆ ಉರುಳೆ ದಪ್ಪವಾಗುತ್ತದೆ, ಅದೇ ಅರ್ಧ ಸುತ್ತಿಗೆ ಹೆಚ್ಚು ಫಿಲ್ಮ್ ಎಳೆಯುತ್ತದೆ. ಸ್ಪೈರಲ್ ಬೈಂಡಿಂಗ್‌ನ ಪ್ಲಾಸ್ಟಿಕ್ ಹಲ್ಲೊಂದನ್ನು ಕತ್ತರಿಸಿ, ತುದಿ ಫಿಲ್ಮ್ ಅಂಚಿನ ತೂತುಗಳಿಗೆ ಬೀಳುವಂತೆ ಡಬ್ಬಿಯ ಮೇಲೆ ಅಂಟಿಸಿ. ಫಿಲ್ಮ್ ಸರಿದಂತೆ ತೂತಿಗೊಂದು ಟಿಕ್ ಸದ್ದು. ತೂತಿನಿಂದ ತೂತಿಗೆ 4.75 ಮಿ.ಮೀ., ಆದ್ದರಿಂದ ಆರು ಟಿಕ್‌ಗೆ 28.5. ಐದು ಟಿಕ್ ಎಂದರೆ 23.75, ಕಿಂಡಿಯ 24ಕ್ಕಿಂತ ಕೂದಲೆಳೆಯಷ್ಟು ಕಮ್ಮಿ, ಅಂಚು ಒಂದರ ಮೇಲೊಂದು ಬೀಳುತ್ತದೆ.

ನಿಧಾನಶಟರ್:
ಮೇಲಿನವರ ಮಾತು ಸರಿ, ಆದರೆ ತಗಡು ಎಷ್ಟು ತೆಳುವಾದರೂ ಮೂಲೆ ಸ್ವಲ್ಪ ಕಪ್ಪಾಗಿಯೇ ಇರುತ್ತದೆ. ಇಷ್ಟು ಅಗಲದ ನೋಟದಲ್ಲಿ ನಡುವಿಗಿಂತ ಮೂಲೆಗೆ ಮೂರು ಸ್ಟಾಪ್‌ನಷ್ಟು ಕಮ್ಮಿ ಬೆಳಕು (ಒಂದು ಸ್ಟಾಪ್ ಕಮ್ಮಿ ಎಂದರೆ ಬೆಳಕು ಅರ್ಧ, ಹೆಚ್ಚು ಎಂದರೆ ಎರಡು ಪಟ್ಟು). 0.16ಕ್ಕೆ ಎಫ್/81 (ದೂರವನ್ನು ರಂಧ್ರದ ಅಗಲದಿಂದ ಭಾಗಿಸಿದ ಸಂಖ್ಯೆ) ಬರುತ್ತದೆ. ಐಎಸ್‌ಒ 100ಕ್ಕೆ ಸುಡುಬಿಸಿಲಲ್ಲಿ ಲೆಕ್ಕದ ಪ್ರಕಾರ ಕಾಲು ಸೆಕೆಂಡ್ ಸಾಕು. ಆದರೂ ಪೂರ್ತಿ ಒಂದು ಸೆಕೆಂಡ್ ಕೊಡಿ. ಕಲರ್ ನೆಗೆಟಿವ್ ಎರಡು ಸ್ಟಾಪ್ ಹೆಚ್ಚಾದರೂ ತಾಳಿಕೊಳ್ಳುತ್ತದೆ, ಮೂಲೆಗೂ ಜೀವ ಬರುತ್ತದೆ. ಸ್ಲೈಡ್ ಫಿಲ್ಮ್‌ನಲ್ಲಿ (ನೆಗೆಟಿವ್ ಅಲ್ಲದೆ ನೇರ ಚಿತ್ರವೇ ಬರುವ ಫಿಲ್ಮ್) ಮಾತ್ರ ಈ ಆಟ ನಡೆಯದು.

ಟೇಪ್ ಕಿತ್ತು ಶಟರ್ ತೆರೆಯುತ್ತಿದ್ದರೆ ಮಸುಕಿನಲ್ಲಿ ಅದರದ್ದೂ ಪಾಲಿದೆ, ಪೊಟ್ಟಣ ಅಷ್ಟು ಹಗುರ. ರಬ್ಬರ್ ಬ್ಯಾಂಡ್‌ನಿಂದ ಭಾರದ ವಸ್ತುವಿಗೆ ಬಿಗಿದು, ಮುಂದೆ ಕಪ್ಪು ರಟ್ಟು ಹಿಡಿದು, ಟೇಪ್ ತೆಗೆದ ಮೇಲೆ ರಟ್ಟು ಸರಿಸಿ.