ಬಾಯಿ ಬಿಡದ ತಂಡದಲ್ಲಿ ನಂಬಿಕೆ ಕಟ್ಟುವುದು ಹೇಗೆ?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ಕಾಫಿ ಸಂಸ್ಕರಣಾ ಘಟಕವೊಂದರಲ್ಲಿ ಈ ವರ್ಷ ನನಗೆ ಮೇಲ್ವಿಚಾರಕಿಯ ಹೊಣೆ ಬಂದಿದೆ. ತಂಡದಲ್ಲಿ ಅರ್ಧ ಊರಿನವರು, ಅರ್ಧ ಅಸ್ಸಾಂನಿಂದ ಬಂದವರು. ಜಗಳವಿಲ್ಲ, ಆದರೆ ಯಾರೂ ಏನನ್ನೂ ಹೇಳುವುದಿಲ್ಲ. ಯಂತ್ರ ಕೆಟ್ಟರೂ ನಾನಾಗಿ ಹೋಗಿ ನೋಡಿದಾಗಲೇ ತಿಳಿಯುತ್ತದೆ. ಹಿಂದಿದ್ದವರ ಬೈಗುಳದ ಹೆದರಿಕೆ ಇನ್ನೂ ಹೋಗಿಲ್ಲ. ಎಲ್ಲರನ್ನೂ ಒಂದು ಪ್ರವಾಸಕ್ಕೆ ಕರೆದೊಯ್ದರೆ ಸರಿಹೋದೀತೇ? ಅನುಭವವಿದ್ದವರು ತಿಳಿಸಿ.

ಮೂಡಿಗೆರೆ ಕಡೆಯ ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವರು):
ಪ್ರವಾಸ ಆಮೇಲಿರಲಿ ಮೇಡಂ, ಮೊದಲು ತೂಕ ಮತ್ತು ಲೆಕ್ಕ ನೋಡಿಕೊಳ್ಳಿ. ನಮ್ಮಲ್ಲಿ ಹಣ್ಣು ಕೊಯ್ಯುವವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಸಂಜೆ ಚೀಲ ತೂಗುವ ಹೊತ್ತಿನಲ್ಲೇ ಮೇಸ್ತ್ರಿಯ ಮೇಲಿನ ನಂಬಿಕೆ ಉಳಿಯುತ್ತದೆ, ಇಲ್ಲವೇ ಹೋಗುತ್ತದೆ. ತೂಕದ ಯಂತ್ರದ ಅಂಕಿ ಕೊಯ್ದವರ ಕಡೆಗೆ ತಿರುಗಿರಬೇಕು. ಚೀಲಕ್ಕೆಂದು ಎಷ್ಟು ಕಳೆಯುತ್ತೇವೆ ಎಂಬುದನ್ನು ಕೊಯ್ಲಿಗೆ ಮೊದಲೇ ಹೇಳಿರಬೇಕು, ನಡುವೆ ಬದಲಿಸಬಾರದು. ನಾನು ಪುಸ್ತಕದಲ್ಲಿ ಬರೆದುಕೊಳ್ಳುವ ಅಂಕಿಯನ್ನು ಗಟ್ಟಿಯಾಗಿ ಓದುತ್ತೇನೆ, ಹೊರಗಿನವರಿಗಾಗಿ ಹಿಂದಿಯಲ್ಲೂ ಹೇಳುತ್ತೇನೆ. ಅದೇ ಅಂಕಿಯ ಚೀಟಿ ಅವರ ಕೈಗೂ ಹೋಗುತ್ತದೆ.

ಒಮ್ಮೆ ಹೆಂಗಸೊಬ್ಬರು, "ಅಣ್ಣಾ, ನಿನ್ನೆಯ ತೂಕ ಕಡಿಮೆ ಬಂದಿದೆ" ಎಂದರು. ಮೇಸ್ತ್ರಿಗೆ ಸಿಟ್ಟು ಬಂತು. ನಾನು ಚೀಟಿ, ಪುಸ್ತಕ ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲರೆದುರೇ ನೋಡಿದೆ. ಅಕ್ಕಪಕ್ಕದ ಇಬ್ಬರ ಚೀಲ ಅದಲುಬದಲಾಗಿತ್ತು. ಅಲ್ಲೇ ತಿದ್ದಿದೆವು. ಕೇಳಿದರೆ ಯಾರೂ ಗದರುವುದಿಲ್ಲ ಎಂಬ ಸುದ್ದಿ ಅಂದು ರಾತ್ರಿಯೇ ಕೆಲಸಗಾರರ ಲೈನ್ ಮನೆಗಳಿಗೆಲ್ಲ ಮುಟ್ಟಿತು. ಮರುದಿನದಿಂದ ಬೇರೆಯವರೂ ಕೇಳತೊಡಗಿದರು. ಕೆಲಸ ಸ್ವಲ್ಪ ತಡವಾಯಿತು. ಆಗಲಿ, ಆ ತಡ ನನಗೆ ಬೇಕಾದದ್ದೇ.

ಬಾಳೆಹೊನ್ನೂರಿನಿಂದ, ಕಾಫಿ ಒಣಗಿಸುವ ಕಣದ ಉಸ್ತುವಾರಿ ಮಾಡುವವರು:
ರೈಟರ್ ಹೇಳಿದ್ದು ಸರಿ. ನಾನು ಸೇರಿಸುವುದು ಕೆಟ್ಟ ಸುದ್ದಿಯ ವಿಷಯ. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು, ಒಳಹೊಟ್ಟಿನೊಂದಿಗೇ ಒಣಗಿಸುವ ಬೀಜ) ತೇವಾಂಶ ಸುಮಾರು ಶೇ. 10ಕ್ಕೆ ಇಳಿಯಬೇಕು. ಹಸಿಯಿದ್ದಾಗಲೇ ಚೀಲ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಲಾರಿ ಬಂದು ನಿಂತಿದೆ, ಮಾಲೀಕರಿಂದ ಫೋನಿನ ಮೇಲೆ ಫೋನು. ಆಗ ಹುಡುಗನೊಬ್ಬ ಬಂದು, "ಆ ಮೂಲೆಯ ರಾಶಿ ಇನ್ನೂ ಒಣಗಿಲ್ಲ" ಎನ್ನುತ್ತಾನೆ. ಆ ಗಳಿಗೆಯಲ್ಲಿ ನಿಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಇಡೀ ಕಣ ನೋಡುತ್ತಿರುತ್ತದೆ. ನಾನು ಮೊದಲು "ಹೇಳಿದ್ದು ಒಳ್ಳೆಯದಾಯಿತು" ಎನ್ನುತ್ತೇನೆ, ತೇವಾಂಶ ಅಳೆದು ನೋಡುವುದು ಆಮೇಲೆ.

ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಭ್ಯಸಿಸಿದಾಗ, ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ಕಾರಣ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ನಿಮ್ಮ ಬಳಿ ದೂರುಗಳು ಹೆಚ್ಚಾದರೆ ಎದೆಗುಂದಬೇಡಿ.

ಹಾಸನದಿಂದ, ಗಾರ್ಮೆಂಟ್ಸ್ ಕಾರ್ಖಾನೆಯ ಲೈನ್ ಸೂಪರ್‌ವೈಸರ್:
ಊರಿನವರು, ಹೊರಗಿನವರು ಎಂಬ ಗೆರೆಯ ಬಗ್ಗೆ ಯಾರೂ ಬರೆದಿಲ್ಲ. ನನ್ನ ಅನುಭವದಲ್ಲಿ ಆ ಗೆರೆ ಮೊದಲು ಕಾಣುವುದು ರಜೆ ಕೊಡುವಾಗ. ನಮ್ಮವರಿಗೆ ಸಂಕ್ರಾಂತಿ ಇರುವಾಗಲೇ ಅಸ್ಸಾಂನಲ್ಲಿ ಮಾಘ ಬಿಹು. ಹಾಗೆಂದು ಅಲ್ಲಿಂದ ಬಂದವರೆಲ್ಲರ ಹಬ್ಬವೂ ಅದೇ ಎಂದುಕೊಳ್ಳಬೇಡಿ, ಕೆಲವರಿಗೆ ಈದ್ ದೊಡ್ಡದು. ಒಬ್ಬೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ರಜೆ ಕೊಡಲಾಗದಿದ್ದರೆ ಮುಂಚೆಯೇ, ಕಾರಣ ಸಮೇತ ಹೇಳಿ. "ನೋಡೋಣ" ಎಂದು ಆಸೆ ಹುಟ್ಟಿಸಿ ಹಿಂದಿನ ದಿನ ಇಲ್ಲವೆನ್ನುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಪ್ರವಾಸ ಬೇಡವೆನ್ನುವುದಿಲ್ಲ. ಕೊಯ್ಲಿನ ಕೆಲಸ ಮುಗಿದ ಮೇಲೆ ಹೋಗಿ, ಎಲ್ಲಿಗೆಂದು ಅವರನ್ನೇ ಕೇಳಿ. ಆ ದಿನದ ಕೂಲಿಯನ್ನು ಮಾತ್ರ ಹಿಡಿಯಬೇಡಿ.