ಡೋಪಮಿನ್ ಮದ್ದು ಒಬ್ಬರಿಗೆ ಲಗಾಮು, ಇನ್ನೊಬ್ಬರಿಗೆ ಜೂಜು: ಹೇಗೆ?

ಗಂಗೋತ್ರಿ_ಎಂಎಸ್ಸಿ (ಮೈಸೂರು):
ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಸೆಮಿನಾರ್ ಕೊಡಬೇಕು. ಉತ್ತೇಜಕ ಮದ್ದು ಮಿಥೈಲ್‌ಫೆನಿಡೇಟ್ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಇರುವವರ ದುಡುಕು ತಗ್ಗಿಸುತ್ತೆ. ಪಾರ್ಕಿನ್ಸನ್‌ಗೆ ಕೊಡೋ ಪ್ರಾಮಿಪೆಕ್ಸೋಲ್‌ನಿಂದ ಕೆಲವರು ಜೂಜಿಗೆ ಬೀಳ್ತಾರೆ. ಎರಡೂ ಡೋಪಮಿನ್ (ಮಿದುಳಿನ ಸಂದೇಶ ಒಯ್ಯುವ ರಾಸಾಯನಿಕ) ದಾರಿಯವೇ. ಹಾಗಾದರೆ ಇಂಥವು ದುಡುಕಿಗೆ ಮದ್ದೋ, ಕಾರಣವೋ? ಇನ್ನೊಂದು: ಔಷಧವಿಲ್ಲದೆ ಬರೀ ಸ್ಟಾಪ್-ಸಿಗ್ನಲ್ ಪರೀಕ್ಷೆ (ಬಾಣ ಕಂಡ ತಕ್ಷಣ ಕೀಲಿ ಒತ್ತಬೇಕು, ಬೀಪ್ ಬಂದರೆ ತಡೆಯಬೇಕು) ಮಾಡಿಸಿದರೆ ಕೆಲವರ ತಡೆಯುವ ಸಮಯ 90 ಮಿಲಿಸೆಕೆಂಡ್ ಬರ್ತಿದೆ. ಎಲ್ಲಿ ತಪ್ಪು?

ಕುಕ್ಕರಹಳ್ಳಿ_ಏರಿ:
ಡೋಪಮಿನ್ ಜಾಸ್ತಿಯೋ ಕಮ್ಮಿಯೋ ಅಂತ ಅಳೆಯೋಕೆ ಹೋದರೆ ಇದು ಬಗೆಹರಿಯಲ್ಲ. ಮಿಥೈಲ್‌ಫೆನಿಡೇಟ್ ಡೋಪಮಿನ್, ನಾರ್‌ಅಡ್ರಿನಲಿನ್ ಎರಡನ್ನೂ ನರಕೋಶ ವಾಪಸ್ ಎಳೆದುಕೊಳ್ಳದ ಹಾಗೆ ತಡೆಯುತ್ತೆ. ಬಿಡುಗಡೆಯಾದದ್ದೇ ಸ್ವಲ್ಪ ಹೊತ್ತು ಉಳಿಯುತ್ತೆ, ಹಣೆಯ ಹಿಂದಿನ ಭಾಗಕ್ಕೂ ಅದು ತಲುಪುತ್ತೆ. ಪ್ರಾಮಿಪೆಕ್ಸೋಲ್ ಹಾಗಲ್ಲ, ನೇರವಾಗಿ ಡೋಪಮಿನ್ ಕೂರುವ ಗ್ರಾಹಿಗಳನ್ನು, ಹೆಚ್ಚಾಗಿ ಡಿ3 ಅನ್ನೋದನ್ನು, ಹಿಡಿದು ಕೂರುತ್ತೆ. ಆಟದಲ್ಲಿ ಸೋತಾಗ ಡೋಪಮಿನ್ ಇಳಿಯಬೇಕು, ಆ ಇಳಿತವೇ ಪಾಠ. ಗ್ರಾಹಿ ಸದಾ ಒತ್ತಿಕೊಂಡೇ ಇದ್ದರೆ ಸೋಲು ನಾಟೋದಿಲ್ಲ, ಅನ್ನೋದು ಬಲವಾದ ವಾದ.

2010ರ ಡೊಮಿನಿಯನ್ ಅಧ್ಯಯನದಲ್ಲಿ 3,090 ಪಾರ್ಕಿನ್ಸನ್ ರೋಗಿಗಳಿದ್ದರು. ಪ್ರಾಮಿಪೆಕ್ಸೋಲ್ ಥರ ಗ್ರಾಹಿಯನ್ನು ನೇರವಾಗಿ ಒತ್ತುವ ಮದ್ದು ತಗೊಳ್ಳೋರಲ್ಲಿ ಶೇ. 17.1, ತಗೊಳ್ಳದವರಲ್ಲಿ ಶೇ. 6.9 ಮಂದಿಗೆ ಜೂಜು, ಖರೀದಿ, ತಿನ್ನೋದು, ಕಾಮ ಇವುಗಳಲ್ಲಿ ಒಂದಾದರೂ ಹತೋಟಿ ತಪ್ಪಿತ್ತು.

ಹಾಗಂತ ಉತ್ತೇಜಕ ನಿರಪರಾಧಿಯೇನಲ್ಲ. ಟೊರೊಂಟೊದಲ್ಲಿ ಜೂಜಿನ ಚಟ ಇದ್ದವರಿಗೆ 30 ಮಿ.ಗ್ರಾಂ. ಆಂಫೆಟಮಿನ್ ಕೊಟ್ಟಾಗ ಆಡುವ ಆಸೆ ಏರಿತು (2004). ತಮಾಷೆ ಅಂದರೆ, ಡೋಪಮಿನ್‌ನ ಡಿ2 ಗ್ರಾಹಿಯನ್ನು ತಡೆಯುವ ಹ್ಯಾಲೊಪೆರಿಡಾಲ್ ಕೊಟ್ಟಾಗಲೂ ಆಟದ ರುಚಿ ಹೆಚ್ಚಿತು (2007). ಅದೇ ಆಂಫೆಟಮಿನ್ ಕುಲದ ಲಿಸ್‌ಡೆಕ್ಸಾಂಫೆಟಮಿನ್‌ಗೆ 2015ರಲ್ಲಿ ಅಮೆರಿಕದಲ್ಲಿ ಮಿತಿಮೀರಿ ತಿನ್ನುವ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ.

ಸೆಮಿನಾರಿನಲ್ಲಿ ಒಂದು ಎಚ್ಚರ: 2013ರ ಡಿಎಸ್ಎಂ-5 (ಅಮೆರಿಕದ ಮನೋವೈದ್ಯರ ರೋಗಪಟ್ಟಿ) ಜೂಜನ್ನು ವ್ಯಸನದ ಗುಂಪಿಗೂ ಕೂದಲು ಕೀಳುವುದನ್ನು ಒಸಿಡಿ (ಗೀಳು) ಗುಂಪಿಗೂ ಸಾಗಿಸಿದೆ. ಹಳೇ ಪಟ್ಟಿ ತೋರಿಸಿದರೆ ಮೊದಲ ಪ್ರಶ್ನೆ ಅದೇ ಬರುತ್ತೆ.

ಬೀಪ್_ಬಾಣ:
90 ಅಂದರೆ ನಂಬಬೇಡಿ. ಆರೋಗ್ಯವಂತ ಯುವಕರದು ಸಾಮಾನ್ಯವಾಗಿ 200ರಿಂದ 250ರ ಆಸುಪಾಸು. ಪಕ್ಕದಲ್ಲಿ ಕೂತು ಬೆರಳು ನೋಡಿ: ಬಾಣ ಬಂದಿದೆ, ಬೆರಳು ಕೀಲಿ ಮೇಲೇ ಇದೆ, ಆದರೆ ಒತ್ತಲ್ಲ, ಬೀಪ್ ಬರುತ್ತೇನೋ ಅಂತ ಕಾಯ್ತಾರೆ. ಹೀಗೆ ನಿಧಾನ ಮಾಡುತ್ತಾ ಹೋದರೆ ಲೆಕ್ಕ ಕೆಳಗೆ ಜಾರುತ್ತೆ. "ಕಾಯಬೇಡಿ, ಕೆಲವು ಸಲ ತಪ್ಪೋದು ಸಹಜ" ಅಂತ ಪ್ರತಿ ಸುತ್ತಿಗೂ ಮೊದಲು ಹೇಳಿ.

200 ಸರದಿ ಇಡಿ, ಅದರಲ್ಲಿ 50ಕ್ಕೆ ಬೀಪ್. ಬಾಣ ಬಂದ ಮೇಲೆ ಬೀಪ್‌ನ ತಡ 250 ಮಿಲಿಸೆಕೆಂಡ್‌ನಿಂದ ಶುರು. ತಡೆದರೆ 50 ಕೂಡಿ, ತಪ್ಪಿದರೆ 50 ಕಳೆಯಿರಿ. ಬೀಪ್ ಬಂದರೂ ಒತ್ತಿದ್ದು ಶೇ. 48 ಅಂದುಕೊಳ್ಳಿ. ಬೀಪಿಲ್ಲದ 150 ಸಮಯಗಳನ್ನು ಏರಿಕೆ ಕ್ರಮದಲ್ಲಿಟ್ಟು 72ನೆಯದು ತಗೊಳ್ಳಿ. ಅದು 510, ಸರಾಸರಿ ತಡ 270 ಆದರೆ ಉತ್ತರ 240. ಬೀಪಿಲ್ಲದಿದ್ದರೂ ಒತ್ತದೇ ಬಿಟ್ಟ ಸರದಿಗಳನ್ನು ಎಸೆಯಬೇಡಿ, ಆ ಜಾಗಕ್ಕೆ ಅವರ ಅತಿ ನಿಧಾನದ ಸಮಯ ಹಾಕಿ. ನಿಮ್ಮ 90ಕ್ಕೆ ಇದೂ ಒಂದು ಕಾರಣ ಇರಬಹುದು. ಬೀಪ್ ಬಂದಾಗ ಶೇ. 25ಕ್ಕಿಂತ ಕಮ್ಮಿ ಅಥವಾ 75ಕ್ಕಿಂತ ಜಾಸ್ತಿ ಒತ್ತಿದವರನ್ನು ಬಿಟ್ಟುಬಿಡಿ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ: ಬೀಪ್ ತಡವಾಗಿ ಕೇಳಿ ಅಂಕಿ ಉಬ್ಬುತ್ತೆ.

ಮಂಡ್ಯ_ಕೌಂಟರ್:
ಮೆಡಿಕಲ್ ಸ್ಟೋರ್ ಕಡೆಯ ಮಾತು. ಮಿಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ (ಕಟ್ಟುನಿಟ್ಟಿನ ನಿಯಂತ್ರಣದ ಔಷಧಗಳ ಪಟ್ಟಿ). ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಪ್ರತ್ಯೇಕ ಲೈಸೆನ್ಸ್ ಬೇಕಾದ್ದರಿಂದ ಎಲ್ಲಾ ಅಂಗಡೀಲೂ ಸಿಗಲ್ಲ. ಮಾಮೂಲಿ ಮಾತ್ರೆಯ ಪ್ರಭಾವ 3–4 ಗಂಟೆ. ಅಧ್ಯಯನ ಓದುವಾಗ ನುಂಗಿ ಎಷ್ಟು ಹೊತ್ತಿಗೆ ಪರೀಕ್ಷೆ ಮಾಡಿದರು ಅನ್ನೋದನ್ನು ನೋಡಿ.

ಪ್ರಾಮಿಪೆಕ್ಸೋಲ್ ತಗೊಳ್ಳೋರ ಮನೆಯವರಿಗೆ: ರೋಗಿ ತಾವಾಗಿ ಹೇಳಲ್ಲ, ನಾಚಿಕೆ. ಫೋನಿನಲ್ಲಿ ಹೊಸ ರಮ್ಮಿ ಆಪ್, ಯುಪಿಐನಲ್ಲಿ ರಾತ್ರಿ ಹೊತ್ತಿನ ಸಣ್ಣ ಸಣ್ಣ ಪಾವತಿ ಕಂಡರೆ ನರರೋಗ ವೈದ್ಯರಿಗೆ ತಿಳಿಸಿ. ಮಾತ್ರೆ ಶುರುವಾಗಿ ವರ್ಷಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು. ಆದರೆ ಗಾಬರಿಯಾಗಿ ಮಾತ್ರೆ ಒಮ್ಮೆಲೇ ನಿಲ್ಲಿಸಬೇಡಿ: ಬೆವರು, ಭಯ, ಮೈಕೈ ನೋವು ಹಿಡಿಯುತ್ತೆ. ಡೋಸ್ ಇಳಿಸೋದು ವೈದ್ಯರ ಲೆಕ್ಕದಲ್ಲೇ ಆಗಬೇಕು.

ಗಂಗೋತ್ರಿ_ಎಂಎಸ್ಸಿ:
ಬೀಪ್_ಬಾಣ ಸರ್, ಒತ್ತದೇ ಬಿಟ್ಟ ಸರದಿಗಳನ್ನು ಎಸೆದೇ ಲೆಕ್ಕ ಹಾಕಿದ್ದೆ. ಸೇರಿಸಿ ನೋಡಿದೆ, ಇಬ್ಬರದು 200 ದಾಟಿತು. ಮೂರನೆಯವರದು ಇನ್ನೂ 120.

ಬೀಪ್_ಬಾಣ:
ಸುತ್ತುಸುತ್ತಿಗೆ ಅವರ ಸಮಯ ಏರುತ್ತಾ ಹೋಗಿದೆಯಾ ನೋಡಿ. ಏರಿದ್ದರೆ ಪ್ರತಿ ಸುತ್ತಿಗೂ ಬೇರೆಬೇರೆ ಲೆಕ್ಕ ಹಾಕಿ ಸರಾಸರಿ ತೆಗೀರಿ.