ಉತ್ತರ ಪಿನಾಕಿನಿಯಲ್ಲಿ ದೋಣಿಗಳು ಓಡಾಡುತ್ತಿದ್ದವೇ?

ಪ್ರಶ್ನೆ (ಗೌರಿಬಿದನೂರಿನಿಂದ): ನಮ್ಮೂರಿನ ಉತ್ತರ ಪಿನಾಕಿನಿಯಲ್ಲಿ ಈಗ ವರ್ಷದ ಬಹುಪಾಲು ಕಾಣುವುದು ಮರಳು ಮತ್ತು ಜಾಲಿ ಮಾತ್ರ. ಕಳೆದ ತಿಂಗಳು ನೆಲ್ಲೂರಿನ ಬಂಧುಗಳು ಇದೇ ಹೊಳೆ ಪೆನ್ನಾ ಎಂಬ ಹೆಸರಿನಲ್ಲಿ ಕಡಲು ಸೇರುವ ಕಡೆ ಹಳೆಯ ಕಾಲುವೆಯೊಂದನ್ನು ತೋರಿಸಿ, ಅದರಲ್ಲಿ ಮದರಾಸಿಗೆ ದೋಣಿಗಳು ಹೋಗುತ್ತಿದ್ದವೆಂದು ಹೇಳಿದರು. ಆ ದೋಣಿಗಳು ನಮ್ಮ ಕಡೆಗೂ ಬರುತ್ತಿದ್ದವೇ?

ಉತ್ತರ (ಕೋಲಾರದಿಂದ): ಬರುತ್ತಿರಲಿಲ್ಲ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ನಮ್ಮ ಹೊಳೆಗಳು ಮಳೆ ಬಿದ್ದ ಕೆಲವೇ ದಿನ ಉಕ್ಕಿ ಹರಿದು ಇಳಿದುಬಿಡುತ್ತವೆ. ಆ ನೀರನ್ನು ಕೆರೆಯಿಂದ ಕೆರೆಗೆ ಕೋಡಿ ಹರಿಸಿ ಹಿಡಿದಿಟ್ಟುಕೊಂಡದ್ದರಿಂದಲೇ ಇಲ್ಲಿ ಬೇಸಾಯ ನಡೆಯಿತು. ದೋಣಿಗೆ ಬೇಕಾದ ವರ್ಷವಿಡೀ ನಿಲ್ಲುವ ಆಳ ಎಲ್ಲಿಯೂ ಉಳಿಯಲಿಲ್ಲ. ನೀವು ಕಂಡದ್ದು ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಬೇಸಿಲ್ ಕಾಕ್ರೇನ್ ಎಂಬ ಬ್ರಿಟಿಷ್ ವರ್ತಕ ಮದರಾಸಿನಿಂದ ಎಣ್ಣೂರಿನ ಕಡೆಗೆ ತೋಡಿಸಿದ ಸಣ್ಣ ಕಾಲುವೆ, ಬೆಳೆಯುತ್ತ ಬೆಳೆಯುತ್ತ ಆಂಧ್ರದ ಪೆದ್ದಗಂಜಾಮಿನಿಂದ ತಮಿಳುನಾಡಿನ ಮರಕ್ಕಾಣದವರೆಗೆ ಸುಮಾರು 420 ಕಿ.ಮೀ. ಚಾಚಿಕೊಂಡಿತು. ಧಾತು–ಈಶ್ವರ ಸಂವತ್ಸರಗಳ ಬರ ನಮ್ಮ ಸೀಮೆಯನ್ನೂ ಹಿಂಡಿದ 1877–78ರಲ್ಲಿ, ಹಸಿದವರಿಗೆ ಕೂಲಿ ಕೊಟ್ಟು ಮದರಾಸಿನ ಕೂವಂ ಮತ್ತು ಅಡ್ಯಾರ್ ನದಿಗಳ ನಡುವಿನ ಭಾಗವನ್ನು ತೋಡಿಸಿದರು. ಆಗಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಹೆಸರು ಕಾಲುವೆಗೆ ಅಂಟಿತಾದರೂ, ಅದನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಮಣ್ಣಿನ ಬುಟ್ಟಿ ಹೊತ್ತ ಆ ಬಡಕಲು ಮೈಗಳು.

ಉತ್ತರ (ತುಮಕೂರಿನಿಂದ, ನಿವೃತ್ತ ನೀರಾವರಿ ಎಂಜಿನಿಯರ್): ಮೇಲಿನವರ ಮಾತು ಸರಿ, ಸಾಗಾಟದ ಬಗೆಯನ್ನು ಮಾತ್ರ ಸೇರಿಸುತ್ತೇನೆ. ಅದು ಕಡಲಿನ ಉಬ್ಬರವಿಳಿತಕ್ಕೆ ಒಳಪಟ್ಟ ಉಪ್ಪುನೀರಿನ ಕಾಲುವೆಯಾದ್ದರಿಂದ ನೀರಿನ ಮಟ್ಟ ದಿನದಲ್ಲೇ ಏರುಪೇರಾಗುತ್ತಿತ್ತು. ಅದಕ್ಕಾಗಿ ಅಲ್ಲಲ್ಲಿ ಎದುರುಬದುರು ಎರಡು ಬಾಗಿಲುಗಳ ಲಾಕ್‌ಗಳನ್ನು ಕಟ್ಟಿದ್ದರು: ದೋಣಿ ಒಳಗೆ ಬಂದೊಡನೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಮಟ್ಟಕ್ಕೆ ಸರಿಯಾಗಿ ನೀರನ್ನು ಏರಿಸಿ ಇಲ್ಲವೇ ಇಳಿಸಿ, ಆಮೇಲೆ ಮುಂದಿನ ಬಾಗಿಲು ತೆರೆಯುತ್ತಿದ್ದರು. ಗಾಳಿಯಿದ್ದರೆ ಹಾಯಿ, ಇಲ್ಲದಿದ್ದರೆ ತಳಕ್ಕೆ ಊರಿ ನೂಕುವ ಗಳು, ಅದೂ ಸಾಲದಿದ್ದರೆ ದಡದಲ್ಲಿ ನಡೆಯುತ್ತ ಹಗ್ಗದಿಂದ ಎಳೆಯುವ ಆಳುಗಳು. ಉಪ್ಪು, ಸೌದೆ, ಅಕ್ಕಿ ಹೀಗೆಯೇ ಮದರಾಸನ್ನು ಮುಟ್ಟುತ್ತಿದ್ದವು.

ಪಿನಾಕಿನಿಯ ಕಣಿವೆಗೆ ದೋಣಿ ತರುವ ಪ್ರಯತ್ನವೂ ನಡೆದಿತ್ತು. ತುಂಗಭದ್ರೆಯ ಸುಂಕೇಸುಲದಿಂದ ಕಡಪಾದವರೆಗೆ ತೋಡಿದ ಕರ್ನೂಲು–ಕಡಪಾ ಕಾಲುವೆಯನ್ನು ನೀರಾವರಿ ಮತ್ತು ಸಾಗಾಟ ಎರಡಕ್ಕೂ ಎಂದೇ ಯೋಜಿಸಿದ್ದರು. ಅದನ್ನು ಕಟ್ಟಿದ ಕಂಪನಿಗೆ ನಷ್ಟವಾಗಿ 1882ರಲ್ಲಿ ಸರ್ಕಾರ ಕೊಂಡುಕೊಂಡಿತು. ರೈಲಿಗಿಂತ ಜಲಮಾರ್ಗವೇ ಅಗ್ಗವೆಂದು ಬ್ರಿಟಿಷ್ ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಜೀವಮಾನವಿಡೀ ವಾದಿಸಿದರೂ ಗೆದ್ದದ್ದು ರೈಲು.

ಉತ್ತರ (ಬೇತಮಂಗಲದಿಂದ): ನಮ್ಮ ಪಾಲಾರ್ ಕೂಡ ಕಡಲು ಸೇರುವ ಮುನ್ನ ಇದೇ ಕಾಲುವೆಯನ್ನು ಹಾಯುತ್ತದೆ; ಹಾಗಾಗಿ ನಂದಿ ಸಾಲಿನ ಎರಡು ಹೊಳೆಗಳಿಗೆ ಅದು ನಂಟು. 1960ರ ದಶಕದ ಚಂಡಮಾರುತಗಳ ಹೊಡೆತದ ನಂತರ ಕಾಲುವೆ ಚೇತರಿಸಿಕೊಳ್ಳಲಿಲ್ಲ. ಚೆನ್ನೈನಲ್ಲಿ ಕೆಲಸದಲ್ಲಿದ್ದಾಗ ಮೈಲಾಪುರದ ಬಳಿ ಅದರ ಪಕ್ಕದಲ್ಲೇ ದಿನವೂ ನಡೆಯುತ್ತಿದ್ದೆ. ಮೇಲೆ ರೈಲು ಹೋಗುವ ಕಾಂಕ್ರೀಟ್ ಕಂಬಗಳು ಕಾಲುವೆಯೊಳಗೇ ನಿಂತಿವೆ, ನಡುವೆ ಕಪ್ಪು ನೀರು ಅಲುಗದೆ ಮಲಗಿದೆ. 2008ರಲ್ಲಿ ಇದನ್ನು ರಾಷ್ಟ್ರೀಯ ಜಲಮಾರ್ಗ 4ರಲ್ಲಿ ಸೇರಿಸಿದ್ದಾರೆ. ಆದರೆ ಆ ಕಂಬಗಳ ನಡುವೆ ಸರಕಿನ ದೋಣಿ ತೂರುವುದನ್ನು ನಾನಂತೂ ಕಾಣಲಿಲ್ಲ.